ಓದುಗರ ಪ್ರಶ್ನೆ: ಹಗುರ ಭುಜಕೀರ್ತಿಗೆ ಪ್ಲಾಸ್ಟಿಕ್ ಹಾಳೆ, ಮನೆಯದೇ ಯಂತ್ರ

ಪ್ರಶ್ನೆ: ಮಕ್ಕಳ ಯಕ್ಷಗಾನ ತಂಡಕ್ಕೆ ಹಗುರವಾದ ಭುಜಕೀರ್ತಿ, ಎದೆಪದಕ ಬೇಕಾಗಿದೆ. ಮರದ್ದು ಎಂಟು ವರ್ಷದವರ ಹೆಗಲಿಗೆ ಭಾರ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಅಚ್ಚಿನ ಮೇಲೆ ಹಾಸಿ, ಕೆಳಗಿಂದ ಗಾಳಿ ಎಳೆದು ಕೂರಿಸುವ ಯಂತ್ರವನ್ನು ವ್ಯಾಕ್ಯೂಮ್ ಕ್ಲೀನರಿನಿಂದಲೇ ಮಾಡಿಕೊಳ್ಳಬಹುದೇ?
– ಬದಿಯಡ್ಕದಿಂದ ಒಬ್ಬರು

ಉತ್ತರ: ಧಾರಾಳವಾಗಿ. ಒಂದಡಿ ಚದರದ ಹಾಳೆಗೆ ಮನೆಯ ಕ್ಲೀನರ್ ಸಾಕು. ಬೇಕಾದ್ದು ತೂತಿನ ಪೆಟ್ಟಿಗೆ, ಹಾಳೆ ಹಿಡಿಯುವ ಚೌಕಟ್ಟು, ಹೀಟರ್, ಇಷ್ಟೇ. ಎಲ್ಲರೂ ಪೆಟ್ಟಿಗೆಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡು ಹೀಟರನ್ನು ಕೊನೆಗೆ ಹೇಗೋ ತಗುಲಿಸುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಪೆಟ್ಟಿಗೆಯ ಮೇಲ್ಹಲಗೆಗೆ 12 ಮಿ.ಮೀ. ಪ್ಲೈವುಡ್, 32 ಸೆ.ಮೀ. ಚದರ. ನಡುವಿನ 28 ಸೆ.ಮೀ. ಜಾಗದಲ್ಲಿ 2 ಸೆ.ಮೀ.ಗೊಂದರಂತೆ 2.5 ಮಿ.ಮೀ. ತೂತು ಕೊರೆಯಿರಿ, 225 ತೂತು ಆಗುತ್ತದೆ, ಬೇಸರಪಡಬೇಡಿ. ಹಲಗೆಯ ಕೆಳಗೆ 2 ಸೆ.ಮೀ. ಟೊಳ್ಳು ಬಿಟ್ಟು ತಳ ಹೊಡೆಯಿರಿ, ತಳದಲ್ಲಿ ಕ್ಲೀನರ್ ಪೈಪಿನ ಅಳತೆಗೆ ಒಂದು ತೂತು. ಸಂದುಗಳಿಗೆಲ್ಲ ಸಿಲಿಕಾನ್ ಸೀಲಂಟ್. ಟೊಳ್ಳಿನ ನಡುವೆ ನಾಲ್ಕೈದು ಮರದ ತುಂಡು ಆಸರೆಗೆ ಇಡಲೇಬೇಕು. ಕ್ಲೀನರ್ ಎಳೆಯುವುದು ವಾತಾವರಣದ ಒತ್ತಡದ ಐದರಲ್ಲೊಂದು ಪಾಲು ಎಂದಿಟ್ಟುಕೊಂಡರೂ 30 ಸೆ.ಮೀ. ಚದರದ ಮೇಲೆ ಅದು ಸುಮಾರು 180 ಕಿಲೋ ಭಾರ. ಆಸರೆ ಇಲ್ಲದಿದ್ದರೆ ಹಲಗೆ ಬಗ್ಗಿ ಅಂಚಿನಿಂದ ಗಾಳಿ ನುಗ್ಗುತ್ತದೆ. ಅಂಚಿಗೆ ಸಿಲಿಕಾನ್ ಪಟ್ಟಿ ಅಂಟಿಸಿ. ಬಾಗಿಲಿಗೆ ಹಾಕುವ ಫೋಮ್ ಟೇಪ್ ಬಿಸಿ ಚೌಕಟ್ಟು ತಾಗಿದರೆ ಕರಗುತ್ತದೆ.

ಚೌಕಟ್ಟಿಗೆ ಮುಕ್ಕಾಲು ಇಂಚಿನ ಅಲ್ಯೂಮಿನಿಯಂ ಆಂಗಲ್, ಎರಡು ಜೊತೆ. ನಡುವೆ ಹಾಳೆಯಿಟ್ಟು ಎಂಟು ದೊಡ್ಡ ಬೈಂಡರ್ ಕ್ಲಿಪ್ ಕಚ್ಚಿಸಿ. ಅದು ಎರಡು ಕಂಬಿಗಳ ಮೇಲೆ ಜಾರಿ ನೇರ ಪೆಟ್ಟಿಗೆಯ ಮೇಲೆ ಕೂರುವಂತಿರಲಿ. ಹೀಟರಿನಿಂದ ಅಚ್ಚಿಗೆ ಇಳಿಯಲು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೆಳು ಹಾಳೆ ದಾರಿಯಲ್ಲೇ ಗಟ್ಟಿಯಾಗುತ್ತದೆ.

ರೂಮ್ ಹೀಟರಿನ 400 ವಾಟ್ ಕ್ವಾರ್ಟ್ಸ್ ರಾಡ್ ನಾಲ್ಕು, ಹಾಳೆಯಿಂದ 12-15 ಸೆ.ಮೀ. ಮೇಲೆ. ಕೆಳಗಿಟ್ಟರೆ ಜೋತ ಪ್ಲಾಸ್ಟಿಕ್ ರಾಡಿನ ಮೇಲೆ ಬಿದ್ದು ಹೊತ್ತಿಕೊಳ್ಳುತ್ತದೆ. ಅಂಚು ಯಾವಾಗಲೂ ತಣ್ಣಗೆ ಉಳಿಯುತ್ತದೆ, ಆದ್ದರಿಂದ ಹೊರಗಿನ ಎರಡು ರಾಡ್ ಅಂಚಿನ ಹತ್ತಿರವೇ ಇರಲಿ, ಹಿಂದೆ ಅಲ್ಯೂಮಿನಿಯಂ ತಗಡು. ತಗಡಿಗೆ ಅರ್ತಿಂಗ್ ಕೊಟ್ಟು, 16 ಆಂಪಿಯರ್ ಪ್ಲಗ್‌ನಲ್ಲಿ ಹಾಕಿ.

ಹಾಳೆ 1 ಮಿ.ಮೀ. ಹಿಪ್ಸ್ (ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್) ತೆಗೆದುಕೊಳ್ಳಿ. ಹೊಸಬರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಸಿಯಾಗುವಾಗ ಅದು ಮೊದಲು ಅಲೆಅಲೆಯಾಗಿ ಸುಕ್ಕುತ್ತದೆ, ಆಗ ಇಳಿಸಬೇಡಿ. ಸ್ವಲ್ಪದರಲ್ಲೇ ಸುಕ್ಕು ಬಿಟ್ಟು ಬಿಗಿಯಾಗುತ್ತದೆ, ಆಮೇಲೆ ನಡು ಜೋಲತೊಡಗುತ್ತದೆ. 2-3 ಸೆ.ಮೀ. ಜೋತರೆ ಹದ ಬಂತು. ಹಾಳೆ ಆಗ 150-170 ಡಿಗ್ರಿ ಇರುತ್ತದೆ. ಬೆಲ್ಲದ ಪಾಕ ಎಳೆ ನೋಡಿ ಇಳಿಸುವುದಲ್ಲದೆ ಗಡಿಯಾರ ನೋಡಿ ಇಳಿಸುವವರುಂಟೇ? ಇದೂ ಹಾಗೆಯೇ. ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ರಾಡಿನ ಶಾಖ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಬೆಳಿಗ್ಗೆ ಬರೆದಿಟ್ಟ ಸೆಕೆಂಡು ಸಂಜೆಗೆ ಉಪಯೋಗಕ್ಕಿಲ್ಲ.

ಹಾಳೆ ಕೂತ ಕೂಡಲೇ ಕ್ಲೀನರ್ ಹಾಕಿ, 15-20 ಸೆಕೆಂಡಿಗೆ ನಿಲ್ಲಿಸಿ. ಸಾಮಾನ್ಯ ಕ್ಲೀನರಿನ ಮೋಟಾರ್ ತಣ್ಣಗಾಗುವುದು ಅದು ಎಳೆದ ಗಾಳಿಯಿಂದಲೇ. ದಾರಿ ಕಟ್ಟಿದ ಮೇಲೂ ಓಡಿಸಿದರೆ ಸುಡುತ್ತದೆ.

ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ಬದಿಗಳು 3-5 ಡಿಗ್ರಿ ಇಳಿಜಾರಾಗಿರಲಿ, ನೆಟ್ಟಗಿದ್ದರೆ ತುಂಡು ಕಳಚುವುದಿಲ್ಲ. ಕೆತ್ತನೆಯ ಪ್ರತಿ ತಗ್ಗಿನಲ್ಲೂ 1 ಮಿ.ಮೀ. ತೂತು ತಳದವರೆಗೆ ಕೊರೆಯಿರಿ. ಎಷ್ಟೇ ಜೋರಾಗಿ ಎಳೆದರೂ ಸಿಕ್ಕಿಬಿದ್ದ ಗಾಳಿಗೆ ಹೊರಹೋಗಲು ದಾರಿ ಬೇಕಲ್ಲ.

ಪ್ರಶ್ನೆ: ನಾಲ್ಕು ಪದಕದ ಅಚ್ಚು ಒಟ್ಟಿಗೆ ಇಟ್ಟೆ. ಮೂಲೆಗಳ ನಡುವೆ ಬಾವಲಿ ರೆಕ್ಕೆಯಂತೆ ಮಡಿಕೆ ಬೀಳುತ್ತದೆ. ದೊಡ್ಡ ಪಂಪ್ ಬೇಕೇ?
– ಮಂಜೇಶ್ವರದಿಂದ

ಉತ್ತರ: ಪಂಪಿನ ತಪ್ಪಲ್ಲ, ಅಲ್ಲಿ ಹಾಳೆ ಹೆಚ್ಚಾಗಿದೆ. ಅತಿಯಾಗಿ ಜೋತ ಹಾಳೆ ಮೂಲೆಯಲ್ಲಿ ಎರಡು ಬದಿಗೂ ಅಂಟಲಾರದೆ ತನಗೆ ತಾನೇ ಅಂಟಿಕೊಂಡಿದೆ. ಅಚ್ಚುಗಳ ನಡುವೆ ಅವುಗಳ ಎತ್ತರದ ಎರಡು ಪಟ್ಟು ಜಾಗ ಬಿಡಿ, ಒಂದು ಸೆ.ಮೀ. ಕಡಿಮೆ ಜೋತಾಗಲೇ ಇಳಿಸಿ. ಮತ್ತೂ ಬಿದ್ದರೆ ಮೂಲೆಯಿಂದ ಸ್ವಲ್ಪ ದೂರದಲ್ಲಿ ಅಚ್ಚಿಗಿಂತ ಗಿಡ್ಡದ ಮರದ ತುಂಡು ಇಡಿ. ಹೆಚ್ಚಾದ ಹಾಳೆಯನ್ನು ಅದು ಎಳೆದುಕೊಳ್ಳುತ್ತದೆ. ಆ ಭಾಗ ಹೇಗೂ ಕತ್ತರಿಸಿ ಹೋಗುವಂಥದ್ದು.

ಪ್ರಶ್ನೆ: ಬೇಸಗೆಯಲ್ಲಿ ಚೆನ್ನಾಗಿ ಬಂದ ಎಬಿಎಸ್ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಹಾಳೆ ಆಟಿ ತಿಂಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿದೆ. ಯಾಕೆ?
– ಮುಳ್ಳೇರಿಯದಿಂದ

ಉತ್ತರ: ನೀರು. ಎಬಿಎಸ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಬಿಸಿಗೆ ಅದು ಹಬೆಯಾಗಿ ಒಳಗೇ ಉಬ್ಬುತ್ತದೆ. 80 ಡಿಗ್ರಿಯಲ್ಲಿ 2-3 ಗಂಟೆ ಒಣಗಿಸಿ ಆಗಲೇ ಉಪಯೋಗಿಸಿ. ಮಳೆಗಾಲ ಮುಗಿಯುವವರೆಗೆ ಹಿಪ್ಸ್‌ಗೆ ಬದಲಾಗುವುದು ಸುಲಭ, ಅದು ತೇವ ಹೀರುವುದು ತೀರ ಕಡಿಮೆ. ಪ್ಲಾಸ್ಟರ್ ಅಚ್ಚನ್ನೂ ಒಣಗಿಸಿ, ಆದರೆ 50 ಡಿಗ್ರಿ ದಾಟಿಸಬೇಡಿ, ಪುಡಿಪುಡಿಯಾಗತೊಡಗುತ್ತದೆ.

ಪ್ರಶ್ನೆ: ಬೋರ್ಡ್ ಬರೆಯುವ ಅಂಗಡಿಯಲ್ಲಿ ಸನ್‌ಬೋರ್ಡ್ ಚೂರು ಪುಕ್ಕಟೆ ಸಿಗುತ್ತದೆ. ಆಗಬಹುದೇ?
– ಪೆರ್ಲದಿಂದ

ಉತ್ತರ: ಬೇಡ. ಅದು ನೊರೆಯೆಬ್ಬಿಸಿದ ಪಿವಿಸಿ. ಬಿಸಿ ಮೀರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಬಿಡುತ್ತದೆ. ಕಣ್ಣು, ಗಂಟಲು ಉರಿಯುತ್ತದೆ, ಕಬ್ಬಿಣದ ಸಾಮಾನು ತುಕ್ಕು ಹಿಡಿಯುತ್ತದೆ. ಯಾವ ಹಾಳೆಯಾದರೂ ಕಿಟಕಿ ತೆರೆದೇ ಕೆಲಸ ಮಾಡಿ, ಕೈಗೆ ದಪ್ಪ ಗ್ಲೌಸ್ ಇರಲಿ.

ಪ್ರಶ್ನೆ: ಹಿಪ್ಸ್ ಪದಕಕ್ಕೆ ಬೇಗಡೆ ಅಂಟಿಸಿದರೆ ಪ್ಲಾಸ್ಟಿಕ್ಕೇ ಮೆತ್ತಗಾಗಿ ಗುಳಿ ಬಿತ್ತು.
– ಕುಂಬಳೆಯಿಂದ

ಉತ್ತರ: ಚಪ್ಪಲಿಗೆ ಹಾಕುವ ರಬ್ಬರ್ ಅಂಟು ಬಳಸಿದ್ದೀರಿ ಅನಿಸುತ್ತದೆ. ಅದರ ದ್ರಾವಕ ಹಿಪ್ಸನ್ನು ಕರಗಿಸುತ್ತದೆ, ಥಿನ್ನರ್ ಬೆರೆಸಿದ ಬಣ್ಣವೂ ಅಷ್ಟೇ. 220ರ ಮರಳು ಕಾಗದದಿಂದ ಮೇಲ್ಮೈ ಒರಟು ಮಾಡಿ, ನೀರಿನಲ್ಲಿ ಕರಗುವ ಬಿಳಿ ಅಂಟು ತೆಳ್ಳಗೆ ಹಚ್ಚಿ, ಅರ್ಧ ಒಣಗಿದಾಗ ಬೇಗಡೆ ಒತ್ತಿ.