ಫಲಿತಾಂಶವೊಂದನ್ನೇ ನೋಡಿ ಶಾಲೆಗಳನ್ನು ಹೋಲಿಸಬಹುದೇ?

ಕಲ್ಯಾಣ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: ಮಗಳು ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಐದನೆಯ ತರಗತಿ ಮುಗಿಸುತ್ತಿದ್ದಾಳೆ, ಊರಿನ ಆದರ್ಶ ವಿದ್ಯಾಲಯದ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರರ ಹತ್ತಿರವಿದ್ದರೆ ಕರ್ನಾಟಕ ಪಬ್ಲಿಕ್ ಶಾಲೆಯದು ಬಹಳ ಕೆಳಗಿದೆ, ಹಾಗಾದರೆ ಎರಡನೆಯದನ್ನು ಕೆಟ್ಟ ಶಾಲೆಯೆಂದು ತಿಳಿಯಬೇಕೇ?

ಮಾನ್ಯರೇ, ಹಾಗೆ ತಿಳಿಯಬಾರದು. ಆದರ್ಶ ವಿದ್ಯಾಲಯವು ಪ್ರವೇಶ ಪರೀಕ್ಷೆ ನಡೆಸಿ ಆರನೆಯ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಪಬ್ಲಿಕ್ ಶಾಲೆಯ ಪ್ರೌಢ ವಿಭಾಗವಾದರೋ, ತಂದೆತಾಯಿಯೊಡನೆ ಗುಳೆ ಹೋಗಿ ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡು ಮರಳಿದ ಮಗುವಿನ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಉಳಿಸಿಕೊಂಡು ಪರೀಕ್ಷೆಗೆ ಕೂರಿಸಬೇಕಾಗುತ್ತದೆ. ಆದರ್ಶದ ಫಲಿತಾಂಶದಲ್ಲಿ ಆಯ್ಕೆಯ ಪಾಲೆಷ್ಟು, ಬೋಧನೆಯ ಪಾಲೆಷ್ಟು ಎಂಬುದನ್ನು ಶೇಕಡಾವಾರು ಹೇಳುವುದಿಲ್ಲ.

ಆ ಶೇಕಡಾವಾರು ಕೂಡ ಸ್ಥಿರವಾದುದಲ್ಲ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶವು 2024ರಲ್ಲಿ ನಕಲು ತಡೆಯಲೆಂದು ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದಾಗ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಅಷ್ಟು ಕುಸಿಯುವುದಿಲ್ಲ. ಆದ್ದರಿಂದ ಶಾಲೆಯ ಗೋಡೆಯ ಮೇಲಿನ ಹಳೆಯ ಅಂಕಿಗಳನ್ನು ನಂಬಿ ಮಗಳ ಐದು ವರ್ಷಗಳನ್ನು ತೀರ್ಮಾನಿಸಬೇಡಿ.

ನೋಡಬೇಕಾದದ್ದು ಶಿಕ್ಷಕರನ್ನು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು; ಗಣಿತ ಮತ್ತು ವಿಜ್ಞಾನಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಕನಿಷ್ಠ ಒಬ್ಬೊಬ್ಬರಿರಬೇಕು. ಎರಡೂ ಶಾಲೆಗಳಿಗೆ ಹೋಗಿ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಅತಿಥಿ ಶಿಕ್ಷಕರು ಈ ವರ್ಷ ಯಾವ ತಿಂಗಳಲ್ಲಿ ಬಂದರು ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಗಣಿತದ ಮೇಷ್ಟ್ರಿಲ್ಲದೆ ದಸರೆಯವರೆಗೆ ಸಾಗಿದ ತರಗತಿಯ ನಷ್ಟವನ್ನು ಮಾರ್ಚಿ ತಿಂಗಳ ವಿಶೇಷ ತರಗತಿಗಳು ತುಂಬಲಾರವು. ಸಾಧ್ಯವಾದರೆ ಏಳನೆಯ ತರಗತಿಯ ಮಕ್ಕಳಿಂದ ಪಾಠವಲ್ಲದ ಒಂದು ಪುಟವನ್ನು ಓದಿಸಿ, ಓದಿದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿ. ಹಿಂದಿನ ಬೆಂಚಿನವರನ್ನು ಬಿಡಬೇಡಿ.

ಮಾಧ್ಯಮದ ಪ್ರಶ್ನೆ ನಿಮ್ಮ ಪತ್ರದಲ್ಲಿಲ್ಲ, ಆದರೆ ಅದು ದೊಡ್ಡದು. ಆದರ್ಶ ವಿದ್ಯಾಲಯವು ಇಂಗ್ಲಿಷ್ ಮಾಧ್ಯಮದ ಶಾಲೆ. ಐದು ವರ್ಷ ಕನ್ನಡದಲ್ಲಿ ಕಲಿತ ಹುಡುಗಿ ಒಮ್ಮೆಲೇ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುವಾಗ ಮೊದಲ ವರ್ಷ ಕೈಹಿಡಿದು ನಡೆಸುವ ಏರ್ಪಾಡು ಅಲ್ಲಿದೆಯೇ ಎಂದು ವಿಚಾರಿಸಲೇಬೇಕು. ಅದಿಲ್ಲದಿದ್ದರೆ, ಹುದ್ದೆಗಳು ಭರ್ತಿಯಾಗಿರುವ ಕನ್ನಡ ಮಾಧ್ಯಮದ ಪಬ್ಲಿಕ್ ಶಾಲೆಯೇ ಮೇಲೆಂದು ನಾನು ಹೇಳುತ್ತೇನೆ. ಪಿಯುಸಿಯವರೆಗೂ ಅದೇ ಆವರಣದಲ್ಲಿ ಓದಬಹುದೆಂಬುದು ಹೆಣ್ಣುಮಕ್ಕಳ ಮಟ್ಟಿಗೆ ಸಣ್ಣ ಅನುಕೂಲವಲ್ಲ.

ಮಗಳು ಪ್ರವೇಶ ಪರೀಕ್ಷೆ ಬರೆಯಲಿ. ಜೊತೆಗೆ, ಪಬ್ಲಿಕ್ ಶಾಲೆಯಲ್ಲಿ ಗಣಿತ ಅಥವಾ ವಿಜ್ಞಾನದ ಹುದ್ದೆ ಖಾಲಿಯಿದ್ದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಕೊಡಿಸಿ. ಅದರ ಪ್ರತಿಯನ್ನು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ