ರೈಲಲ್ಲಿ ಕನ್ನಡ ಮಾತಾಡಬಹುದಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ವಯಸ್ಸಲ್ಲಿ ಚಿಕ್ಕವನು ಅಂದುಕೊಂಡು ಏಕವಚನದಲ್ಲೇ ಬರೀತೀನಿ, ಬೇಜಾರು ಮಾಡ್ಕೋಬೇಡ. ಫೆಬ್ರವರಿಯಲ್ಲಿ ಮೆಲ್ಬರ್ನ್‌ಗೆ ಮಾಸ್ಟರ್ಸ್ ಓದೋಕೆ ಬರ್ತಿದ್ದೀಯ. ಬಾಡಿಗೆ, ಚಳಿ, ಕುಕ್ಕರ್ ಬಗ್ಗೆ ಕೇಳಿದ್ದೀಯ. ಕೊನೆಗೆ ಇನ್ನೊಂದು ಪ್ರಶ್ನೆ: 2025ರ ಆಗಸ್ಟ್ 31ರಂದು ಇಲ್ಲಿ ನಡೆದ ವಲಸೆ ವಿರೋಧಿ ಮೆರವಣಿಗೆಗಳ ಸುದ್ದಿ ನೋಡಿ ಅಪ್ಪ ಹೆದರಿದ್ದಾರೆ, ರೈಲಲ್ಲಿ ಕನ್ನಡ ಮಾತಾಡಬೇಡ, ರಾತ್ರಿ ಕೆಲಸ ಹಿಡೀಬೇಡ, ನಾವು ಹುಷಾರಾಗಿದ್ರೆ ಯಾರೂ ಮುಟ್ಟಲ್ಲ ಅಂತ ಸೀನಿಯರ್ ಒಬ್ಬರು ಹೇಳಿದರು, ನಿಜವಾ?

ಮೊದಲ ಮೂರಕ್ಕೆ ಚುಟುಕಾಗಿ. ಬಾಡಿಗೆ ಏರಿಯಾ ಮೇಲೆ ಹೋಗುತ್ತೆ, ಬಂದು ನೋಡಿ ನಿರ್ಧರಿಸು. ಬಾಂಡ್ ದುಡ್ಡನ್ನ, ಅಂದ್ರೆ ಮನೆ ಅಡ್ವಾನ್ಸನ್ನ, ಯಾರ ಕೈಗೂ ನಗದಾಗಿ ಕೊಡಬೇಡ, ಅದು ಸರ್ಕಾರದ ಬಾಂಡ್ ಅಥಾರಿಟಿಯಲ್ಲಿ ಜಮಾ ಆಗಬೇಕು, ರಸೀದಿ ನಿನ್ನ ಹೆಸರಿಗೆ ಬರಬೇಕು. ಚಳಿ ಜೂನ್‌ನಲ್ಲಿ, ನೀನು ಬರೋದು ಬಿಸಿಲಲ್ಲಿ, ಸ್ವೆಟರ್ ಇಲ್ಲೇ ಕೊಂಡುಕೋ. ಕುಕ್ಕರ್ ತಾ.

ನಾಲ್ಕನೆಯದಕ್ಕೆ ಉದ್ದ ಉತ್ತರ ಬೇಕು, ಯಾಕಂದ್ರೆ ನಿನ್ನ ಸೀನಿಯರ್ ಹೇಳಿದ ಮಾತು ಅವರದ್ದಲ್ಲ, ಹಳೇದು. 2009ರ ಶುರುವಿನಲ್ಲಿ, ಈ ಊರಿನ ಪಶ್ಚಿಮ ಭಾಗದಲ್ಲಿ, ಸನ್‌ಶೈನ್, ಸೇಂಟ್ ಆಲ್ಬನ್ಸ್ ಕಡೆ, ನಮ್ಮ ಹುಡುಗರನ್ನ ಹಿಡಿದು ಹೊಡೆದು ದೋಚೋದು ಹೆಚ್ಚಾದಾಗ ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದ ಪೊಲೀಸರ ಕಡೆಯಿಂದ ಬಂದ ಬುದ್ಧಿಮಾತೇ ಅದು: ರೈಲಲ್ಲಿ ನಿಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡಬೇಡಿ, ಐಪಾಡ್, ಲ್ಯಾಪ್‌ಟಾಪ್ ಹೊರಗೆ ಕಾಣೋ ಹಾಗೆ ಇಟ್ಟುಕೊಳ್ಳಬೇಡಿ. ಆ ವರ್ಷ ಮೇ 31ರಂದು ಸಾವಿರಾರು ಜನ ಬೀದಿಗಿಳಿದು ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಎದುರಿನ ಚೌಕದಲ್ಲಿ ಕೂತಿದ್ದಕ್ಕೆ ಹೊಡೆತದ ನೋವು ಎಷ್ಟು ಕಾರಣವೋ ಈ ಬುದ್ಧಿಮಾತಿನ ನೋವೂ ಅಷ್ಟೇ ಕಾರಣ.

ಅದಕ್ಕೆ ಮೂರು ವರ್ಷ ಮುಂಚೆ ಬಂದವನು ನಾನು. ಹೊಸಬರಿಗೆ ಹಂಚೋಕೆ ನಾವು ಕೆಲವರು ಒಂದು ಪುಟದ ಸೂಚನೆ ಮಾಡಿದ್ವಿ. ಅದರಲ್ಲಿ ಪೊಲೀಸರ ಆ ಎರಡು ಸಾಲನ್ನ ಕನ್ನಡಕ್ಕೆ ಇಳಿಸಿ ಸೇರಿಸಿದ ಕೈ ನನ್ನದು. ಒಳ್ಳೇದಕ್ಕೇ ಬರೆದದ್ದು. ಆದರೆ ಆ ಪುಟ ಓದಿಕೊಂಡ ಹುಡುಗರು ಏಟು ತಿಂದಾಗ ಮೊದಲು ಹೇಳ್ತಿದ್ದ ಮಾತು 'ಫೋನ್ ಕೈಯಲ್ಲೇ ಇತ್ತು ಅಣ್ಣ, ತಪ್ಪು ನಂದೇ'. ದೂರು ಕೊಡೋಕೆ ಹೋಗ್ತಿರಲಿಲ್ಲ. ಹೋದವರೂ ತಲೆ ತಗ್ಗಿಸಿಕೊಂಡು, ತಾವೇ ಆರೋಪಿಗಳ ಹಾಗೆ ಹೇಳಿಕೆ ಕೊಟ್ಟು ಬರ್ತಿದ್ರು. ಇವತ್ತಿಗೂ ಆ ಪುಟ ನೆನಪಾದರೆ ಮೈ ಉರಿಯುತ್ತೆ.

ಅಪಾಯ ಬೇರೆ, ತಪ್ಪು ಬೇರೆ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಮಿನಾಲಜಿ ಅನ್ನೋ ಸರ್ಕಾರದ ಅಪರಾಧ ಸಂಶೋಧನಾ ಸಂಸ್ಥೆ 2005ರಿಂದ 2009ರವರೆಗಿನ ಪೊಲೀಸ್ ದಾಖಲೆ ತೆಗೆದು ನೋಡಿ 2011ರಲ್ಲಿ ವರದಿ ಕೊಟ್ಟಿತು. ಹಲ್ಲೆಯ ಪ್ರಮಾಣ ಭಾರತದ ವಿದ್ಯಾರ್ಥಿಗಳಲ್ಲಿ ಉಳಿದವರಿಗಿಂತ ಹೆಚ್ಚೇನಿರಲಿಲ್ಲ, ಆದರೆ ದೊಡ್ಡ ರಾಜ್ಯಗಳಲ್ಲಿ ದರೋಡೆಗೆ ಸಿಕ್ಕವರಲ್ಲಿ ನಮ್ಮವರು ಹೆಚ್ಚು. ರಾತ್ರಿ ಪಾಳಿ, ಪೆಟ್ರೋಲ್ ಬಂಕು, ಟ್ಯಾಕ್ಸಿ, ಕೊನೇ ರೈಲು, ಇದೆಲ್ಲ ಸೇರಿದ್ದಕ್ಕೆ. ಬಣ್ಣ ನೋಡಿ ಹೊಡೆದದ್ದು ಎಷ್ಟು ಅಂತ ಆ ದಾಖಲೆಗಳಿಂದ ಹೇಳೋಕೇ ಆಗಲಿಲ್ಲ, ಅದನ್ನ ಅಳೆಯೋ ಹಾಗೆ ದಾಖಲೆ ಇರಲಿಲ್ಲ. ಈ ಕೊನೇ ಮಾತನ್ನ ನೆನಪಿಟ್ಟುಕೋ, ಮುಂದೆ ಬೇಕಾಗುತ್ತೆ.

ರಾತ್ರಿ ಕೆಲಸ ಅಪಾಯ ಹೆಚ್ಚಿಸುತ್ತೆ ಅನ್ನೋದು ಲೆಕ್ಕ. ರಾತ್ರಿ ಕೆಲಸಕ್ಕೆ ಹೋದದ್ದೇ ತಪ್ಪು ಅನ್ನೋದು ತೀರ್ಪು. 2010ರ ಜನವರಿಯಲ್ಲಿ ಇದೇ ಊರಿನ ಯಾರಾವಿಲ್‌ನ ಪಾರ್ಕಲ್ಲಿ ರಾತ್ರಿ ಪಾಳಿಗೆ ನಡೆದು ಹೋಗ್ತಿದ್ದ ಭಾರತದ 21 ವರ್ಷದ ಹುಡುಗನನ್ನ ಇರಿದು ಕೊಂದರು. ನಮ್ಮವರೇ ಆಡಿದ ಮೊದಲ ಮಾತು: 'ಪಾರ್ಕಲ್ಲಿ ಯಾಕೆ ಹೋದ?' ಕೆಲಸಕ್ಕೆ ಹೋಗೋ ದಾರಿ ಅದು ಕಣಯ್ಯ. ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನೋದು ನಮ್ಮ ಗಾದೆ, ಆ ಆಳುಗಳಲ್ಲಿ ನಾವೂ ಇರ್ತೀವಿ.

ನಿಜವಾಗಿ ಏನು ಕೆಲಸ ಮಾಡುತ್ತೆ ಅನ್ನೋದಕ್ಕೆ ಟ್ಯಾಕ್ಸಿಯವರನ್ನ ನೋಡು. 2008ರ ಏಪ್ರಿಲ್‌ನಲ್ಲಿ ಒಬ್ಬ ಡ್ರೈವರ್‌ಗೆ ಇರಿದಾಗ ನೂರಾರು ಡ್ರೈವರ್‌ಗಳು ಅದೇ ಫ್ಲಿಂಡರ್ಸ್ ಸ್ಟ್ರೀಟ್ ಚೌಕದಲ್ಲಿ ಅಂಗಿ ಬಿಚ್ಚಿ ಕೂತರು. ಡ್ರೈವರ್ ಸೀಟಿಗೆ ಅಡ್ಡ ತೆರೆ ಬಂತು, ರಾತ್ರಿ ಹೊತ್ತು ಬಾಡಿಗೆ ಮುಂಗಡ ತಗೊಳ್ಳೋ ನಿಯಮ ಬಂತು. ಯಾವ ಭಾಷೆಯಲ್ಲಿ ಮಾತಾಡಬೇಕು ಅಂತ ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಈಗ ಮಾಡಬೇಕಾದ ಕೆಲಸ. ಬಂದ ವಾರವೇ ಫೋನಲ್ಲಿ *#06# ಒತ್ತಿ ಐಎಂಇಐ ನಂಬರ್, ಅಂದ್ರೆ ಆ ಫೋನಿನದೇ ಗುರುತಿನ ಸಂಖ್ಯೆ, ಬರೆದು ಅಪ್ಪನಿಗೆ ಕಳಿಸಿಬಿಡು. ಫೋನ್ ಕಳುವಾದರೆ ಆ ನಂಬರ್ ಕೊಟ್ಟರೆ ಇಲ್ಲಿನ ಯಾವ ನೆಟ್‌ವರ್ಕಲ್ಲೂ ಅದು ನಡೆಯದ ಹಾಗೆ ಬ್ಲಾಕ್ ಮಾಡ್ತಾರೆ. ಎಮರ್ಜೆನ್ಸಿ ಪ್ಲಸ್ ಆ್ಯಪ್ ಹಾಕಿಕೋ, ನಿಂತ ಜಾಗ ತೋರಿಸುತ್ತೆ. ರೈಲಲ್ಲಿ ರಾತ್ರಿ ಆದರೆ ಮೊದಲ ಬೋಗಿ, ಡ್ರೈವರ್ ಹಿಂದೆ. ಬಾಗಿಲ ಹತ್ತಿರ ಡ್ರೈವರ್ ಜೊತೆ ಮಾತಾಡೋ ತುರ್ತು ಗುಂಡಿ ಎಲ್ಲಿದೆ ಅಂತ ಹಗಲಲ್ಲೇ ನೋಡಿಟ್ಟುಕೋ. ಇದೆಲ್ಲ ಅಪಾಯದ ಲೆಕ್ಕ. ಮಾಡದೆ ಇದ್ದ ದಿನ ಏನಾದರೂ ಆದರೆ ಅದು ನಿನ್ನ ತಪ್ಪಾಗಲ್ಲ.

ಹಾಗೂ ಏನಾದರೂ ಆಗಿಬಿಟ್ಟರೆ, ಸೊನ್ನೆ ಮೂರು ಸಲ ಒತ್ತು, 000. 'ಪೊಲೀಸ್, ಫೈರ್, ಆಂಬುಲೆನ್ಸ್?' ಅಂತ ಕೇಳ್ತಾರೆ, ಒಂದು ಪದ ಹೇಳು. ಇಂಗ್ಲಿಷ್ ಬಾಯಿಗೆ ಬರದಿದ್ದರೆ 'ಕನ್ನಡ ಇಂಟರ್‌ಪ್ರಿಟರ್' ಅನ್ನು, ದುಡ್ಡು ಕೇಳಲ್ಲ. ಆಂಬುಲೆನ್ಸ್ ಬಿಲ್ಲಿಗೆ ಹೆದರಿ ರಕ್ತ ಸುರಿಸಿಕೊಂಡು ಟ್ರಾಮಲ್ಲಿ ಮನೆಗೆ ಹೋಗೋದು ನಮ್ಮವರ ಹಳೇ ಚಾಳಿ. ವಿದ್ಯಾರ್ಥಿ ವೀಸಾಗೆ ಕಡ್ಡಾಯವಾಗಿ ಮಾಡಿಸೋ ಓಎಸ್‌ಎಚ್‌ಸಿ ವಿಮೆಯಲ್ಲಿ ತುರ್ತು ಆಂಬುಲೆನ್ಸ್ ಸೇರಿದೆ. (ಕೆಲಸದ ವೀಸಾ ಮೇಲೆ ಬಂದವರು ಆಂಬುಲೆನ್ಸ್ ವಿಕ್ಟೋರಿಯಾ ಸದಸ್ಯತ್ವವನ್ನ ಬೇರೆ ತಗೊಳ್ಳೋದು ವಾಸಿ.)

ತಲೆಗೆ ಏಟು ಬಿದ್ದಿದ್ದರೆ ನಿದ್ದೆ ಮಾಡಿ ನೋಡೋಣ ಅನ್ನಬೇಡ, ಆಸ್ಪತ್ರೆಗೆ ಹೋಗು. ಬಟ್ಟೆ ತೊಳೀಬೇಡ, ಕಾಗದದ ಚೀಲದಲ್ಲಿ ಹಾಕು, ಪ್ಲಾಸ್ಟಿಕ್ಕಲ್ಲಿ ತೇವ ನಿಂತು ಗುರುತು ಹಾಳಾಗುತ್ತೆ. ಗಾಯದ ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗಿ. ಎರಡು ದಿನ ಬಿಟ್ಟು ಮತ್ತೆ ತೆಗಿ, ಮೂಗೇಟು ಕಪ್ಪಾಗಿ ಎದ್ದು ಕಾಣೋದೇ ಆಮೇಲೆ. ರೈಲಲ್ಲಾಗಿದ್ದರೆ ಯಾವ ಲೈನ್, ಯಾವ ದಿಕ್ಕು, ಎಷ್ಟನೇ ಬೋಗಿ, ಎಷ್ಟು ಗಂಟೆ, ಬರೆದಿಡು. ಸಿಸಿಟಿವಿ ದೃಶ್ಯ ಬಹಳ ದಿನ ಉಳಿಯಲ್ಲ, ಅದನ್ನ ಎತ್ತಿಡಿ ಅಂತ ಮೊದಲ ದಿನವೇ ಪೊಲೀಸರಿಗೆ ಹೇಳು.

ಇನ್ನು ಹೇಳಿಕೆ. ಕೇಸು ಗಟ್ಟಿಯಾಗೋದೂ ಪೊಳ್ಳಾಗೋದೂ ಇಲ್ಲೇ. ಏಟು ತಿಂದವನು ಮೊದಲ ಸಾಲಲ್ಲೇ 'ನಾನು ಫೋನಲ್ಲಿ ಜೋರಾಗಿ ಮಾತಾಡ್ತಿದ್ದೆ' ಅಂತ ಶುರು ಮಾಡ್ತಾನೆ. ಅದು ಹಾಗೇ ದಾಖಲಾಗುತ್ತೆ, ಮುಂದೆ ಎದುರಿನ ವಕೀಲ ಹಿಡಿಯೋದೂ ಅದನ್ನೇ. ಅವರು ಏನು ಮಾಡಿದರು ಅನ್ನೋದರಿಂದ ಶುರು ಮಾಡು: ಎಷ್ಟು ಜನ, ಎಲ್ಲಿಂದ ಬಂದರು, ಏನಂದರು, ಯಾವ ಕೈಯಲ್ಲಿ ಹೊಡೆದರು. ಬೈದ ಮಾತನ್ನ ಬೈದ ಹಾಗೇ ಹೇಳು. 'ಕೆಟ್ಟ ಮಾತಲ್ಲಿ ಬೈದರು' ಅಂತ ನಾಚಿಕೊಂಡು ಮುಚ್ಚಬೇಡ. ನಿನ್ನ ದೇಶವನ್ನೋ ಬಣ್ಣವನ್ನೋ ಹಿಡಿದು ಅಂದ ಆ ಒಂದು ಪದವೇ ಸಾಕ್ಷಿ. ನಿನಗೆ ಹಾಗನ್ನಿಸಿದ್ದರೆ 'ನನ್ನ ಜನಾಂಗ ನೋಡಿ ಹೊಡೆದರು ಅಂತ ನನ್ನ ನಂಬಿಕೆ, ಪ್ರೆಜುಡೀಸ್ ಮೋಟಿವೇಟೆಡ್ ಕ್ರೈಮ್ ಅಂತ ದಾಖಲಿಸಿಕೊಳ್ಳಿ' ಅಂತ ಬಾಯಿ ಬಿಟ್ಟು ಕೇಳು. 2011ರ ವರದಿಗೆ ಸಿಗದೇ ಹೋದದ್ದು ಇದೇ ದಾಖಲೆ. ಶಿಕ್ಷೆ ನಿರ್ಧರಿಸುವಾಗ ದ್ವೇಷದ ಉದ್ದೇಶವನ್ನ ಲೆಕ್ಕಕ್ಕೆ ತಗೋಬೇಕು ಅಂತ ವಿಕ್ಟೋರಿಯಾದ ಸೆಂಟೆನ್ಸಿಂಗ್ ಕಾಯ್ದೆಗೆ 2009ರ ಕೊನೆಯಲ್ಲಿ ತಿದ್ದುಪಡಿ ಆಯಿತು, ಆ ಗಲಾಟೆಯಿಂದ ನಮಗೆ ದಕ್ಕಿದ ಗಟ್ಟಿ ಸಂಗತಿ ಅದು. ಆದರೆ ಕಾಗದದ ಮೇಲೆ ಇಲ್ಲದ್ದನ್ನ ನ್ಯಾಯಾಧೀಶರು ಊಹಿಸಿಕೊಳ್ಳಲ್ಲ.

'ಇದು ಆಪರ್ಚುನಿಸ್ಟಿಕ್, ಅವಕಾಶ ಸಿಕ್ಕಿತು ಅಂತ ದೋಚಿದ್ದು, ಜನಾಂಗ ದ್ವೇಷ ಅಲ್ಲ' ಅಂತ ಯಾರಾದರೂ ಅಂದರೆ ವಾದಕ್ಕೆ ನಿಲ್ಲಬೇಡ. ದೋಚೋಕೆ ಬಂದವನು ಬಣ್ಣ ನೋಡಿ ಆರಿಸಿಕೊಂಡಿರಬಹುದು, ಇವನು ದೂರು ಕೊಡಲ್ಲ ಅನ್ನೋ ಧೈರ್ಯದ ಮೇಲೆ. ಎರಡೂ ಒಟ್ಟಿಗೆ ನಿಜ ಆಗಬಹುದು. ನೀನು ಕೇಳಿದ್ದು, ಕಂಡದ್ದು ಬರೆಸು, ಸಾಕು. ಪೂರ್ತಿ ಓದಿ ಸಹಿ ಹಾಕು, ಒಂದು ಪ್ರತಿ ತಗೋ. ಕೇಸ್ ನೋಡೋ ಪೊಲೀಸನ್ನ ಇಲ್ಲಿ ಇನ್ಫಾರ್ಮಂಟ್ ಅಂತಾರೆ, ಮಾಹಿತಿ ಕೊಟ್ಟವನು ಅಂತ ತಿಳಿದು ಗಾಬರಿಯಾಗಬೇಡ. ಅವರ ಹೆಸರು, ಸ್ಟೇಷನ್, ರಿಪೋರ್ಟ್ ನಂಬರ್ ಬರೆದುಕೋ. ಆಮೇಲಿನ ನೆರವಿಗೆ ವಿಕ್ಟಿಮ್ಸ್ ಆಫ್ ಕ್ರೈಮ್ ಸಹಾಯವಾಣಿ 1800 819 817. ಕೌನ್ಸೆಲಿಂಗ್, ಆಸ್ಪತ್ರೆ ಖರ್ಚು, ಕಳೆದುಕೊಂಡ ಸಂಬಳಕ್ಕೆ 2024ರ ನವೆಂಬರ್‌ನಿಂದ ಹೊಸ ಹಣಕಾಸು ನೆರವಿನ ಯೋಜನೆ ಇದೆ, ದಾರಿ ಅವರೇ ಹೇಳ್ತಾರೆ.

ಎಲ್ಲರೂ ಪಿಸುಗುಟ್ಟೋ ಇನ್ನೊಂದು ಭಯ ವೀಸಾದ್ದು. ಓದು ನಡೆಯೋವಾಗ ಎರಡು ವಾರಕ್ಕೆ 48 ಗಂಟೆ ಅನ್ನೋ ವಿದ್ಯಾರ್ಥಿ ವೀಸಾದ ಮಿತಿ ಮೀರಿ ದುಡಿದದ್ದು ಬಯಲಾಗುತ್ತೆ ಅಂತ ಹುಡುಗರು ಸುಮ್ಮನಾಗ್ತಾರೆ. ಏಟು ತಿಂದು ದೂರು ಕೊಟ್ಟದ್ದು ವೀಸಾ ರದ್ದಿಗೆ ಕಾರಣ ಅಲ್ಲ. ಆದರೆ ಈ ಭಯವೇ ಹೊಡೆಯುವವನ ಬಂಡವಾಳ, ಅದಕ್ಕೇ ಮೊದಲಿಂದ ಗಂಟೆ ಮೀರಬೇಡ.

ಕೆಲಸದ ಜಾಗದಲ್ಲಿ ಆದರೆ ದಾರಿ ಬೇರೆ. ಬಂಕಲ್ಲಿ ರಾತ್ರಿ ಯಾರಾದರೂ ಚಾಕು ತೋರಿಸಿದರೆ ಗಲ್ಲಾ ಬಿಟ್ಟು ಹಿಂದೆ ಸರಿ, ಅಟ್ಟಿಸಿಕೊಂಡು ಹೋಗಬೇಡ. ಪಾಳಿಗೆ ಒಪ್ಪೋ ಮುಂಚೆ ಕೇಳು: ರಾತ್ರಿ ಬಾಗಿಲು ಹಾಕಿ ಕಿಟಕಿಯಲ್ಲಿ ವ್ಯಾಪಾರ ಮಾಡಬಹುದಾ, ಗಲ್ಲಾದಲ್ಲಿ ಎಷ್ಟು ದುಡ್ಡು ಇಡ್ತಾರೆ, ಅಲಾರಾಂ ಗುಂಡಿ ಎಲ್ಲಿದೆ. ಪೆಟ್ಟಾದರೆ 30 ದಿನದೊಳಗೆ ಮಾಲೀಕನಿಗೆ ಬರಹದಲ್ಲಿ ತಿಳಿಸು, ವರ್ಕ್‌ಕವರ್ ಅನ್ನೋ ಕೆಲಸದ ಗಾಯದ ವಿಮೆ ವಿದ್ಯಾರ್ಥಿಗಳಿಗೂ ಇದೆ. ದೋಚಿಕೊಂಡು ಹೋದ ದುಡ್ಡನ್ನ 'ನೀನು ಹುಷಾರಾಗಿರಲಿಲ್ಲ' ಅಂತ ನಿನ್ನ ಸಂಬಳದಲ್ಲಿ ಮುರಿದುಕೊಳ್ಳೋ ಮಾಲೀಕರಿದ್ದಾರೆ. ನಮ್ಮ ಭಾಷೆ ಆಡೋರೂ ಇದ್ದಾರೆ. ಕಾನೂನು ಅದನ್ನ ಒಪ್ಪಲ್ಲ, ಸಂಬಳದ ದೂರು ನೋಡೋ ಸರ್ಕಾರಿ ಕಚೇರಿ ಫೇರ್ ವರ್ಕ್, 13 13 94ಕ್ಕೆ ಫೋನ್ ಮಾಡು.

ನೀನು ಬೆಂಗಳೂರಲ್ಲಿ ಓದಿದವನು, ಇದು ನಿನಗೆ ಬಿಡಿಸಿ ಹೇಳಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯದವರು ಗುವಾಹಟಿ ರೈಲಿಗೆ ಮುಗಿಬಿದ್ದರು. 2016ರಲ್ಲಿ ಹೆಸರಘಟ್ಟ ರಸ್ತೆಯಲ್ಲಿ, ಯಾವನೋ ಸುಡಾನಿನವನ ಕಾರು ಗುದ್ದಿದ್ದಕ್ಕೆ ಟಾಂಜಾನಿಯಾದ ಹುಡುಗಿಯನ್ನ ಹಿಡಿದು ಹೊಡೆದರು. 'ಅವರೂ ರಾತ್ರಿ ಎಲ್ಲ ಪಾರ್ಟಿ ಮಾಡ್ತಾರಲ್ವಾ' ಅನ್ನೋ ಮಾತು ನಮ್ಮ ಮನೆಗಳ ಸೋಫಾದ ಮೇಲೂ ಬಂದಿತ್ತು. ಇಲ್ಲಿಗೆ ಬಂದಮೇಲೂ ಅದು ಬಿಡಲ್ಲ: 2018ರಲ್ಲಿ ಇಲ್ಲಿನ ಪತ್ರಿಕೆಗಳು 'ಆಫ್ರಿಕನ್ ಗ್ಯಾಂಗ್' ಅಂತ ಕೂಗಿದಾಗ ನಮ್ಮ ವಾಟ್ಸಾಪ್ ಗುಂಪುಗಳೇ ಅದನ್ನ ಹೆಚ್ಚು ಹಂಚಿದವು, ಒಂಬತ್ತು ವರ್ಷದ ಹಿಂದೆ ನಮ್ಮನ್ನೆಲ್ಲ ಒಂದೇ ಗಂಟಿಗೆ ಕಟ್ಟಿದ್ದು ಮರೆತು. ರೈಲಲ್ಲಿ ಯಾರನ್ನಾದರೂ ಕಾಡೋದು ಕಂಡರೆ ಕಾಡುವವನನ್ನ ಮಾತಾಡಿಸಬೇಡ. ಕಾಡಿಸಿಕೊಂಡವರ ಪಕ್ಕ ಹೋಗಿ ಕೂತು, 'ಮುಂದಿನ ಸ್ಟೇಷನ್ ಯಾವುದು' ಅಂತ ಏನಾದರೂ ಕೇಳು. ಆಮೇಲೆ ಬೇಕಾದರೆ ಸಾಕ್ಷಿಯಾಗ್ತೀನಿ ಅಂತ ಫೋನ್ ನಂಬರ್ ಕೊಡು.

ಅಪ್ಪನಿಗೆ ಈ ಕಾಗದ ಓದಿಸು. ಇಲ್ಲಿ ರಾತ್ರಿ ಹನ್ನೊಂದಾದಾಗ, ಫೆಬ್ರವರಿಯಲ್ಲಿ, ಅಲ್ಲಿ ಸಂಜೆ ಐದೂವರೆ. ಫೋನ್ ಬಂದರೆ ಅವರು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಎತ್ತುತ್ತಾರೆ. ಆಗ ಕೇಳಬೇಕಾದ್ದು ಮೂರು: ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ, ಡಾಕ್ಟರ್ ಏನಂದರು. 'ಅಷ್ಟೊತ್ತಲ್ಲಿ ಅಲ್ಲೇನು ಕೆಲಸ ಇತ್ತು' ಅನ್ನೋದು ಬಾಯಿ ತುದಿಗೆ ಬಂದೇ ಬರುತ್ತೆ. ಅದನ್ನ ನುಂಗಿಕೊಳ್ಳೋದು ಕಷ್ಟ, ನನಗೂ ಒಬ್ಬ ಮಗ ಇದ್ದಾನೆ, ಗೊತ್ತು. ಆ ಒಂದು ಪ್ರಶ್ನೆ ಕೇಳಿಸಿಕೊಂಡ ಹುಡುಗ ಮುಂದಿನ ಸಲ ಮನೆಗೆ ಫೋನ್ ಮಾಡಲ್ಲ.

ಕುಕ್ಕರ್ ಜೊತೆ ಗ್ಯಾಸ್ಕೆಟ್ ಎರಡು ಹೆಚ್ಚಿಗೆ ತಾ. ಹುಳಿಪುಡಿ ಚಟ್ನಿಪುಡಿ ಏನಿದ್ದರೂ ವಿಮಾನದಲ್ಲಿ ಕೊಡೋ ಕಾರ್ಡಲ್ಲಿ 'ಆಹಾರ ಇದೆ' ಅಂತ ಗುರುತು ಹಾಕಿಬಿಡು, ಮುಚ್ಚಿಟ್ಟರೆ ದಂಡ. ರೈಲಲ್ಲಿ ಅಮ್ಮನ ಫೋನ್ ಬಂದರೆ ಎತ್ತು.