ಮಾಡಿಫೈ ಮಾಡಿಸೋಕೆ ಪೊಲೊ ಜಿಟಿ ಒಳ್ಳೆಯದಾ, ಅಬಾರ್ತ್ ಪುಂಟೊ ಒಳ್ಳೆಯದಾ?

ನಿಮ್ಮ ಪ್ರಶ್ನೆ ಹೀಗಿದೆ: ಎಂಟು ಲಕ್ಷದೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡು, ಆಮೇಲೆ ಕೈಯಲ್ಲಿ ಕಾಸು ಕೂಡಿದ ಹಾಗೆ ಮಾಡಿಫೈ ಮಾಡಿಸಬೇಕು. ಫೋಕ್ಸ್‌ವ್ಯಾಗನ್‌ನ ಪೊಲೊ ಜಿಟಿ ಟಿಎಸ್ಐ, ಫಿಯೆಟ್‌ನ ಅಬಾರ್ತ್ ಪುಂಟೊ ಎರಡೂ ಇಷ್ಟ. ಯಾವುದರಲ್ಲಿ ಹೆಚ್ಚು ಪವರ್ ತೆಗೆಯಬಹುದು, ಯಾವುದಕ್ಕೆ ಪಾರ್ಟ್ಸ್ ಚೆನ್ನಾಗಿ ಸಿಗುತ್ತವೆ?

ಕಾರು ಕೊಳ್ಳುವ ಮೊದಲೇ ಕೇಳಿದ್ದೀರಿ, ಅದು ಒಳ್ಳೆಯದಾಯಿತು. ನಾನು ಕೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಡೀಸೆಲ್ ಹ್ಯಾಚ್‌ಬ್ಯಾಕಿಗೆ ರೀಮ್ಯಾಪ್ ಮಾಡಿಸಿದ್ದೆ, ಅಂದರೆ ಎಂಜಿನ್ ನಡೆಸುವ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸಿದ್ದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಒಂದು ಗಂಟೆಯಲ್ಲಿ ಮುಗಿಸಿಕೊಟ್ಟರು. ಮರುವಾರವೇ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಒಂದು ಹಿಮ್ಮುರಿ ತಿರುವು ದಾಟಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ, ಆರ್‌ಪಿಎಂ ಮುಳ್ಳು ಎರಡೂವರೆ ಸಾವಿರದಿಂದ ನಾಲ್ಕು ಸಾವಿರಕ್ಕೆ ನೆಗೆಯಿತು. ಸ್ಪೀಡೋಮೀಟರ್ ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಹಿಂದೆ ಕೂತಿದ್ದ ಅಮ್ಮ ಮೂಗಿಗೆ ಸೆರಗು ಹಿಡಿದುಕೊಂಡು, "ಏನೋ ಹೊತ್ತಿಕೊಂಡಿದೆ, ನಿಲ್ಸು" ಅಂದರು. ಕ್ಲಚ್ ಜಾರುತ್ತಿತ್ತು. ಎಂಜಿನ್ ಕೊಡುತ್ತಿದ್ದ ಹೊಸ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ತಾಳುವ ಶಕ್ತಿ ಹಳೆಯ ಕ್ಲಚ್ ಪ್ಲೇಟಿಗೆ ಇರಲಿಲ್ಲ. ತಣಿಯಲು ಬಿಟ್ಟು, ಎರಡನೇ ಗೇರಿನಲ್ಲೇ ಮೆಲ್ಲಗೆ ಕೊಟ್ಟಿಗೆಹಾರ ಮುಟ್ಟಿಸಿದೆ.

ಆಮೇಲೆ ಗಟ್ಟಿ ಕ್ಲಚ್ ಬೇಕೆಂದು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದೆ. ಆ ಕಾರಿಗೆ ರೀಮ್ಯಾಪ್ ಮಾಡುವವರು ಬೇಕಾದಷ್ಟು ಜನ ಇದ್ದರು, ಅದನ್ನು ತಾಳುವ ಕ್ಲಚ್ ಒಬ್ಬರ ಹತ್ತಿರವೂ ಇರಲಿಲ್ಲ. ಕೊನೆಗೆ ಮಾಮೂಲಿ ಕ್ಲಚ್ಚನ್ನೇ ಹೊಸದು ಹಾಕಿಸಿ, ಹಳೆಯ ಮ್ಯಾಪಿಗೆ ವಾಪಸ್ ಬಂದೆ. ಅವತ್ತಿನಿಂದ ಯಾವ ಕಾರು ನೋಡಿದರೂ ನಾನು ಮೊದಲು ಕೇಳುವುದು ಒಂದೇ: ಪವರ್ ಏರಿಸಿದ ಮೇಲೆ ಇದರಲ್ಲಿ ಮೊದಲು ಕೈಕೊಡುವುದು ಯಾವುದು, ಅದಕ್ಕೆ ಇನ್ನೂ ಗಟ್ಟಿಯಾದದ್ದು ಇಲ್ಲಿ ಸಿಗುತ್ತದಾ?

ಈ ಕಣ್ಣಿನಿಂದ ನಿಮ್ಮ ಎರಡು ಕಾರುಗಳನ್ನು ನೋಡೋಣ.

ಪೊಲೊ ಜಿಟಿ ಟಿಎಸ್ಐ 2013ರಲ್ಲಿ ಬಂದಾಗ ಅದರಲ್ಲಿದ್ದದ್ದು 1.2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ (ಹೆಚ್ಚು ಗಾಳಿ ತುಂಬಿ ಪವರ್ ಏರಿಸುವ) ಎಂಜಿನ್: 105 ಪಿಎಸ್ ಪವರ್, 175 ಎನ್ಎಂ ಟಾರ್ಕ್, ಜೊತೆಗೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದ 7 ಗೇರಿನ ಡಿಎಸ್‌ಜಿ. ಆ ಗೇರ್‌ಬಾಕ್ಸಿನ ಹೆಸರು ಡಿಕ್ಯು200. ಎರಡು ಕ್ಲಚ್ಚುಗಳೂ ಎಣ್ಣೆಯಿಲ್ಲದೆ ಒಣಗಿ ಕೆಲಸ ಮಾಡುತ್ತವೆ, ತಯಾರಕರು ಹೇಳುವ ಮಿತಿ 250 ಎನ್ಎಂ. ಅಂದರೆ ಒಳ್ಳೆಯ ಸ್ಟೇಜ್ 1 ಮ್ಯಾಪ್ (ಪಾರ್ಟ್ಸ್ ಬದಲಿಸದೆ ಬರೀ ಸಾಫ್ಟ್‌ವೇರಿನಿಂದ ಪವರ್ ಏರಿಸುವ ಮೊದಲ ಹಂತ) ಹಾಕಿಸಿದರೆ ಆ ಮಿತಿಯ ಹತ್ತಿರಕ್ಕೆ ಬಂದುಬಿಡುತ್ತೀರಿ. ದೊಡ್ಡ ಟರ್ಬೊ ಹಾಕಿಸಿ ಇನ್ನೂ ತೆಗೆಯೋಣ ಅಂದರೆ ಎಂಜಿನ್ ಒಪ್ಪಬಹುದು, ಗೇರ್‌ಬಾಕ್ಸ್ ಒಪ್ಪುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳುವ ಕಾರಾದರೆ ಒಣ ಕ್ಲಚ್ ಮೊದಲೇ ಬಿಸಿಯಲ್ಲಿರುತ್ತದೆ, ಅದೂ ನೆನಪಿರಲಿ.

2020ರಲ್ಲಿ ಹೊಗೆ ನಿಯಂತ್ರಣದ ಹೊಸ ನಿಯಮ ಬಿಎಸ್6 ಬಂದಾಗ ಆ ಎಂಜಿನ್ ಹೋಗಿ 1.0 ಟಿಎಸ್ಐ ಬಂತು. ಮೂರು ಸಿಲಿಂಡರ್, 110 ಪಿಎಸ್, ಟಾರ್ಕ್ ಅಷ್ಟೇ. 6 ಗೇರಿನ ಮ್ಯಾನ್ಯುಯಲ್ ಪೊಲೊದಲ್ಲೂ ಈ ಎಂಜಿನ್ ಸಿಗುತ್ತದೆ. ಮೂರು ಸಿಲಿಂಡರ್ ಅಂತ ಮೂಗು ಮುರಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪೊಲೊ 2022ರಲ್ಲಿ ನಿಂತುಹೋದರೂ ಇದೇ ಕುಟುಂಬದ ಎಂಜಿನ್ ಟೈಗೂನ್, ವರ್ಟಸ್, ಕುಶಾಕ್, ಸ್ಲಾವಿಯಾಗಳಲ್ಲಿ ಮುಂದುವರಿಯಿತು. ಹಾಗಾಗಿ ಎಂಜಿನ್ ಪಾರ್ಟ್ಸ್, ಅದರ ಕೆಲಸ ಬಲ್ಲ ಮೆಕ್ಯಾನಿಕ್, ಅದಕ್ಕೆ ಮ್ಯಾಪ್ ಬರೆದು ಕೈ ಪಳಗಿದ ಟ್ಯೂನರ್ ಮೂರೂ ಸಿಗುತ್ತಾರೆ. ಸಸ್ಪೆನ್ಷನ್ ಮಾತ್ರ ಆ ಕಾರುಗಳದ್ದು ಬೇರೆ. ಪೊಲೊ ಹಂಚಿಕೊಳ್ಳುವುದು ವೆಂಟೊ, ರಾಪಿಡ್ ಜೊತೆ. ನಮ್ಮ ದೇಶದ ರ‍್ಯಾಲಿಗಳಲ್ಲಿ ಪೊಲೊ ವರ್ಷಗಟ್ಟಲೆ ಓಡಿದ್ದರಿಂದ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಬುಶ್, ಬ್ರೇಕ್ ಪ್ಯಾಡ್ ವಿಷಯದಲ್ಲಿ ನಿಜವಾದ ಅನುಭವ ಇಲ್ಲೇ ಇದೆ, ಯಾವುದೋ ಪರದೇಶದ ವೀಡಿಯೊ ನಂಬಬೇಕಾಗಿಲ್ಲ.

ಅಬಾರ್ತ್ ಪುಂಟೊ ಎಂದರೆ ನನಗೂ ಜೀವ. 2015ರಲ್ಲಿ ಬಂದಾಗ 1.4 ಟಿ-ಜೆಟ್ ಎಂಜಿನ್, 145 ಅಶ್ವಶಕ್ತಿ, 212 ಎನ್ಎಂ, 5 ಗೇರಿನ ಮ್ಯಾನ್ಯುಯಲ್. ಪೊಲೊ ಖರ್ಚು ಮಾಡಿ ಮುಟ್ಟುವ ಜಾಗದಿಂದ ಇದು ಹೊರಡುತ್ತದೆ. ಸ್ಟೇರಿಂಗಿನಲ್ಲಿ ಕೂತರೆ ರಸ್ತೆಯ ಒಂದೊಂದು ಉಬ್ಬುತಗ್ಗೂ ಅಂಗೈಗೆ ಗೊತ್ತಾಗುತ್ತದೆ. ಇದೇ ಟಿ-ಜೆಟ್ ಯುರೋಪಿನಲ್ಲಿ ಪುಟ್ಟ ಅಬಾರ್ತ್ 500ರಲ್ಲೂ ಇರುವುದರಿಂದ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವುದು), ಟರ್ಬೊ, ಕ್ಲಚ್ ಎಲ್ಲಕ್ಕೂ ಅಲ್ಲಿ ದಾರಿಯಿದೆ. ತರಿಸಿದರೆ ಬರುತ್ತದೆ, ಸಾಗಣೆ ಮತ್ತು ಸುಂಕ ಸೇರಿ ಬೆಲೆ ಏರುತ್ತದೆ ಅಷ್ಟೇ.

ತೊಡಕು ಇರುವುದು ಇನ್ನೊಂದು ಕಡೆ. ಬಿಎಸ್6 ಬರುವ ಹೊತ್ತಿಗೆ ಫಿಯೆಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತ್ತು. ಈ ಪುಂಟೊದ ಮುಖ ಭಾರತಕ್ಕೆಂದೇ ಮಾಡಿದ್ದು. ನಾಳೆ ಯಾವನೋ ಆಟೊದವನು ಹೆಡ್‌ಲ್ಯಾಂಪಿಗೆ ತಾಗಿಸಿದ ಅಂದುಕೊಳ್ಳಿ, ಇಟಲಿಯಿಂದ ಟರ್ಬೊ ತರಿಸುವುದೇ ಸುಲಭ ಅನ್ನಿಸಿಬಿಡುತ್ತದೆ. ಮನೆಯಲ್ಲಿ ಓಡಾಟಕ್ಕೆ ಇನ್ನೊಂದು ಗಾಡಿ ಇದ್ದು, ಒಂದು ಬಿಡಿಭಾಗಕ್ಕಾಗಿ ತಿಂಗಳು ಕಾಯುವ ತಾಳ್ಮೆ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ದಿನಾ ಆಫೀಸಿಗೆ ಹೋಗುವುದೂ ಇದರಲ್ಲೇ ಅಂದರೆ ಬೇಡ.

ಮಾಡಿಫೈ ಮಾಡಿಸಲು ಪಾರ್ಟ್ಸ್ ಬೆಂಬಲ ಚೆನ್ನಾಗಿರುವ ಕಾರು ಹೇಗಿರುತ್ತದೆ ಅಂತ ನೋಡಬೇಕಾದರೆ 2017ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ನೋಡಿ. ನಿಮ್ಮ ಬಜೆಟ್ಟಿಗೆ ಮೀರಿದ್ದು, ಹೋಲಿಕೆಗೆ ಹೇಳುತ್ತಿದ್ದೇನೆ. 2.0 ಟಿಎಸ್ಐ, 230 ಪಿಎಸ್. ಇಎ888 ಅನ್ನುವ ಈ ಎಂಜಿನ್ ಗಾಲ್ಫ್ ಜಿಟಿಐಯಿಂದ ಆಡಿವರೆಗೆ ಲಕ್ಷಾಂತರ ಕಾರುಗಳಲ್ಲಿದೆ. ಗಾಲ್ಫ್ ಆರ್ ಕಾರಿನ ದೊಡ್ಡ ಟರ್ಬೊ ತಂದರೆ ಹೆಚ್ಚು ಬದಲಾವಣೆಯಿಲ್ಲದೆ ಕೂರುತ್ತದೆ. ಗೇರ್‌ಬಾಕ್ಸ್ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು, ಅದಕ್ಕೂ ಗಟ್ಟಿ ಕ್ಲಚ್ ಪ್ಯಾಕ್, ಅದಕ್ಕೂ ಬೇರೆ ಮ್ಯಾಪ್ ಸಿಗುತ್ತದೆ. ಒಂದು ಸೋತರೆ ಮುಂದಿನದು ಸಿದ್ಧ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಹಗುರವಾಗಿ ತಗೋಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಬದಲಾಗುವಂತೆ ಕಾರನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿಸಿದರೆ ಅಪಘಾತವಾದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕ ಹಾಗೆ. ಏನು ಮಾಡಿಸಿದರೂ ಬಿಚ್ಚಿ ಹಾಕುವಂತಿರಲಿ; ಹಳೆಯ ಪಾರ್ಟುಗಳನ್ನು ಗುಜರಿಗೆ ಕೊಡಬೇಡಿ, ಅಟ್ಟದ ಮೇಲೆ ಕಟ್ಟಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ 1.0 ಟಿಎಸ್ಐ ಮ್ಯಾನ್ಯುಯಲ್ ಪೊಲೊ ಹುಡುಕುತ್ತಿದ್ದೆ. ಮೊದಲ ಖರ್ಚು ಒಳ್ಳೆಯ ಟೈರಿಗೆ, ಆಮೇಲೆ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್, ಆಮೇಲೆ ಡ್ಯಾಂಪರ್. ಒಂದು ವರ್ಷ ಹಾಗೇ ಓಡಿಸಿ. ಅಷ್ಟಾದ ಮೇಲೂ ಪವರ್ ಸಾಲದು ಅನ್ನಿಸಿದರೆ ಗಟ್ಟಿ ಕ್ಲಚ್ಚಿನ ಬೆಲೆ ಸೇರಿಸಿಯೇ ರೀಮ್ಯಾಪಿನ ಲೆಕ್ಕ ಹಾಕಿ. ಮ್ಯಾಪ್ ಯಾವ ಆಕ್ಟೇನ್ ಪೆಟ್ರೋಲಿಗೆ ಬರೆದದ್ದು ಅಂತಲೂ ಕೇಳಿ; ನಿಮ್ಮೂರಿನ ಬಂಕಿನಲ್ಲಿ ಸಿಗದ ಪೆಟ್ರೋಲಿಗೆ ಬರೆದ ಮ್ಯಾಪ್ ನಿಮಗೆ ಪ್ರಯೋಜನವಿಲ್ಲ.

ಇನ್ನೊಂದು. ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಕಾರನ್ನು ಒಂದು ಏರಿಗೆ ತಗೊಂಡು ಹೋಗಿ. ನಾಲ್ಕನೇ ಗೇರಿನಲ್ಲಿ, ಎರಡು ಸಾವಿರ ಆರ್‌ಪಿಎಂನಿಂದ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಎರಡು ಮುಳ್ಳೂ ಜೊತೆಯಾಗಿ ಮೇಲೇರುತ್ತವಾ ನೋಡಿ. ಒಂದು ಓಡಿ ಇನ್ನೊಂದು ನಿಂತರೆ, ಆ ಕಾರಿನ ಕ್ಲಚ್ ಮುಗಿದಿದೆ. ಹೊಸ ಕ್ಲಚ್ಚಿನ ದುಡ್ಡು ಕಳೆದೇ ಬೆಲೆ ಮಾತಾಡಿ.